ಅಯ್ಯನವರ ಮಾತು, ಗಂಗಾಮೂಲದ ಮಗಳ ಪ್ರಶ್ನೆ

ಗಾಂಧಿ ಬಜಾರಿನಲ್ಲಿ ಬೆಳಗ್ಗೆ ಕಾಫಿ ಕುಡೀತಾ ನಿಂತರೆ ಯಾರಾದರೂ ಒಬ್ಬರು ಹತ್ತಿರ ಬಂದು ಮಾತಾಡಿಸ್ತಾರೆ. ಟೀವಿಯಲ್ಲಿ ಮುಖ ತೋರಿಸೋದರ ಫಲ ಅದು. ಕೆಲವರು ಹೊಗಳ್ತಾರೆ, ಕೆಲವರು ಬೈತಾರೆ, ಹೆಚ್ಚಿನವರು ರಸ್ತೆ ಗುಂಡಿ ಬಗ್ಗೆ ಹೇಳ್ತಾರೆ. ಆವತ್ತು ಬಂದವರು ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಚಾಮರಾಜಪೇಟೆಯವರು, ಶಾಲೆಯಲ್ಲಿ ಪಾಠ ಹೇಳ್ತಾರೆ. ಮೂರು ತಲೆಮಾರಿನಿಂದ ಕನ್ನಡ ಕ್ರೈಸ್ತರು.

"ಸಾರ್, ನೀವು ದಿನಾ ಎಲ್ಲರನ್ನೂ ಪ್ರಶ್ನೆ ಮಾಡ್ತೀರಲ್ಲ, ನಿಮಗೊಂದು ಪ್ರಶ್ನೆ" ಅಂದರು.

"ಕೇಳಿ ಅಮ್ಮ."

"ಪಾಸ್ಟರ್ ಹೇಳಿದ ಬುದ್ಧಿಮಾತನ್ನ ಪ್ರಶ್ನೆ ಮಾಡಬಹುದಾ? ಮಾಡಿದರೆ ದೇವರನ್ನೇ ಪ್ರಶ್ನೆ ಮಾಡಿದ ಹಾಗಾಗಲ್ವಾ?"

ವಿಷಯ ಇಷ್ಟು. ಮಗಳಿಗೆ ಪಿಎಚ್.ಡಿ. ಮಾಡೋಕೆ ಮುಂಬೈಯಲ್ಲಿ ಸೀಟು ಸಿಕ್ಕಿದೆ. ಅಪ್ಪ ಇಲ್ಲ. ಅಮ್ಮ ಪದ್ಧತಿಯಂತೆ ಸಭಾಪಾಲಕರ ಹತ್ತಿರ ಪ್ರಾರ್ಥನೆ ಮಾಡಿಸೋಕೆ ಹೋಗಿದ್ದಾರೆ. ಅವರು ಪ್ರಾರ್ಥನೆ ಮಾಡಿದರು. ಆಮೇಲೆ ಒಂದು ವಚನ ಓದಿ, "ಮೊದಲು ಮದುವೆ ಮಾಡಿಯಮ್ಮ, ಓದು ಆಮೇಲೆ ಗಂಡನ ಇಷ್ಟ, ಇದು ದೇವರ ಚಿತ್ತ" ಅಂದರಂತೆ. ಮಗಳು ಮೂರು ದಿನದಿಂದ ಊಟ ಬಿಟ್ಟಿದ್ದಾಳೆ. "ಅಯ್ಯನವರು ಹೇಳಿದ ಮೇಲೆ ಮುಗೀತಲ್ವಾ ಸಾರ್?" ಅಂದಾಗ ಅವರ ದನಿಯಲ್ಲಿದ್ದದ್ದು ವಿಧೇಯತೆಯೋ ಹತಾಶೆಯೋ ನನಗೆ ಗೊತ್ತಾಗಲಿಲ್ಲ.

ಸ್ಟುಡಿಯೋದಲ್ಲಾದರೆ ಎರಡು ಸೆಕೆಂಡಿನಲ್ಲಿ ಉತ್ತರ ಹೇಳ್ತಿದ್ದೆ. ಅಲ್ಲಿ ಹೇಳೋಕಾಗಲಿಲ್ಲ. ಯಾಕೆ ಅಂತ ಮೊದಲು ಹೇಳಿಬಿಡ್ತೀನಿ. ನಾನು ಕ್ರೈಸ್ತನಲ್ಲ. ಇನ್ನೊಬ್ಬರ ದೇವರಮನೆಯ ವಿಚಾರಕ್ಕೆ ಚಪ್ಪಲಿ ಹಾಕಿಕೊಂಡು ನುಗ್ಗಬಾರದು. ಅದಕ್ಕಿಂತ ದೊಡ್ಡ ಕಾರಣ ನಮ್ಮ ಮನೆಯದ್ದೇ. ನಾನು ಹೈಸ್ಕೂಲಿನಲ್ಲಿದ್ದಾಗ ಬಸವನಗುಡಿಯ ನಮ್ಮ ಮನೆಗೆ ಒಬ್ಬ ಗುರುಗಳು ಭಿಕ್ಷೆಗೆ ಬಂದಿದ್ದರು. ಅಕ್ಕ ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಳು. ಅಪ್ಪ ಖುಷಿಯಿಂದ ಹೇಳಿಕೊಂಡರು. ಗುರುಗಳು ನಕ್ಕು, "ಹೆಣ್ಣುಮಗುವಿಗೆ ಇನ್ನು ಸಾಕಲ್ಲ" ಅಂದರು. ಅಷ್ಟೇ. ಬೈಗುಳ ಅಲ್ಲ, ಆಜ್ಞೆಯೂ ಅಲ್ಲ. ಅಪ್ಪ ಕೈಮುಗಿದರು. ನಾನು ಫಲತಾಂಬೂಲದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಯಾರೂ "ಯಾಕೆ ಗುರುಗಳೇ?" ಅಂತ ಕೇಳಲಿಲ್ಲ. ಅಕ್ಕನಿಗೆ ಈಗ ಅರವತ್ತೆರಡು. ಇವತ್ತಿಗೂ ಮೊಮ್ಮಕ್ಕಳ ಕೆಮಿಸ್ಟ್ರಿ ಪುಸ್ತಕವನ್ನ ಕಥೆ ಪುಸ್ತಕದ ಹಾಗೆ ಓದ್ತಾಳೆ.

ಹಾಗಾಗಿ ಪಾಸ್ಟರನ್ನ ಪ್ರಶ್ನೆ ಮಾಡಬಹುದಾ ಅಂತ ಕೇಳಿದರೆ, ಸ್ವಾಮೀಜಿಯನ್ನ ಪ್ರಶ್ನೆ ಮಾಡದ ಮನೆಯಿಂದ ಬಂದ ನಾನು ಥಟ್ ಅಂತ ಏನು ಹೇಳಲಿ? ಆ ಅಮ್ಮನಿಗೆ ಒಂದು ವಾರ ಟೈಮ್ ಕೊಡಿ ಅಂದೆ. ಮನೆಗೆ ಬಂದು ಹಳೇ ಪುಸ್ತಕ ಒಂದನ್ನ ತೆಗೆದೆ. ಯಾಕಂದ್ರೆ ಈ ಪ್ರಶ್ನೆಯನ್ನ ಇವರಿಗಿಂತ ಮುಂಚೆ, ಇವರಿಗಿಂತ ಗಟ್ಟಿಯಾಗಿ ಕೇಳಿದ ಒಬ್ಬ ಹೆಣ್ಣುಮಗಳಿದ್ದಾಳೆ. ಕೇಳಿದ್ದು ಇಂಗ್ಲೆಂಡಿನಲ್ಲಿ, 1880ರ ದಶಕದಲ್ಲಿ. ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದಲ್ಲಿ.

ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ತಮ್ಮವಳು ಅಂತಾರೆ, ಸರಿಯೇ. ಆದರೆ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳ ತಾಲ್ಲೂಕಿನ ಮಾಳದ ಕಡೆಯವರು. ಈ ತಂದೆಯ ಕಥೆ ಹೇಳದೆ ಮಗಳ ಕಥೆ ಹೇಳೋಕಾಗಲ್ಲ.

ಅನಂತ ಶಾಸ್ತ್ರಿಗಳು ಹುಡುಗನಾಗಿದ್ದಾಗ ಪುಣೆಯಲ್ಲಿ ಓದಿದವರು. ಅವರ ಗುರು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಪಾಠ ಹೇಳ್ತಿದ್ದರು. ಹೆಂಗಸೊಬ್ಬಳು ಸಂಸ್ಕೃತ ಶ್ಲೋಕ ಓದೋದನ್ನ ಈ ಹುಡುಗ ಕೇಳಿದ. ನನ್ನ ಹೆಂಡತಿಗೂ ಕಲಿಸ್ತೀನಿ ಅಂತ ಆವತ್ತೇ ತಲೆಗೆ ಬಂತು. ಊರಿಗೆ ಬಂದು ಮೊದಲ ಹೆಂಡತಿಗೆ ಕಲಿಸೋಕೆ ಹೋದರು, ಆಕೆ ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ ಯಾತ್ರೆಯಲ್ಲಿ ಗೋದಾವರಿ ತೀರದಲ್ಲಿ ಸಿಕ್ಕ ಒಬ್ಬ ಯಾತ್ರಿಕ ತನ್ನ ಒಂಬತ್ತು ವರ್ಷದ ಮಗಳು ಲಕ್ಷ್ಮೀಬಾಯಿಯನ್ನ ಇವರಿಗೆ ಮದುವೆ ಮಾಡಿಕೊಟ್ಟ. ಇವರಿಗೆ ಆಗಲೇ ನಲವತ್ತು ದಾಟಿತ್ತು. ಈ ಭಾಗ ಓದುವಾಗ ನನಗೂ ಮೈ ಜುಂ ಅನ್ನುತ್ತೆ. ಇರಲಿ, ಆ ಕಾಲದಲ್ಲಿ ಅದು ಸುದ್ದಿಯೇ ಆಗಲಿಲ್ಲ. ಸುದ್ದಿಯಾದದ್ದು ಯಾವುದು ಗೊತ್ತಾ? ಆ ಹುಡುಗಿಗೆ ಸಂಸ್ಕೃತ ಕಲಿಸಿದ್ದು!

ಜನ ಎದ್ದರು. ಶಾಸ್ತ್ರಿಗಳನ್ನ ಉಡುಪಿಯಲ್ಲಿ ಗುರುಪೀಠದ ಮುಂದೆ, ವಿದ್ವಾಂಸರ ಸಭೆಗೆ ಕರೆಸಿದರು. ಉತ್ತರ ಹೇಳಿ, ಇಲ್ಲದಿದ್ದರೆ ಬಹಿಷ್ಕಾರ. ಶಾಸ್ತ್ರಿಗಳು ಏನು ಮಾಡಿದರು? ಕೂಗಾಡಲಿಲ್ಲ. ಪೀಠವನ್ನ ಬೈಯಲಿಲ್ಲ. ಯಾವ ಗ್ರಂಥಗಳ ಹೆಸರಿನಲ್ಲಿ ತಮ್ಮನ್ನ ಕರೆಸಿದ್ದರೋ ಅದೇ ಗ್ರಂಥಗಳಿಂದ ಆಧಾರ ತೆಗೆದು ಮುಂದಿಟ್ಟರು. ಹೆಣ್ಣಿಗೆ ಸಂಸ್ಕೃತ ಸಾಹಿತ್ಯ ಕಲಿಸಬಾರದು ಅಂತ ಎಲ್ಲಿದೆ, ತೋರಿಸಿ ಅನ್ನೋ ಧಾಟಿ. ಪಾಠ ನಿಲ್ಲಲಿಲ್ಲ. ಅವರು ಪೂರ್ತಿ ಕ್ರಾಂತಿಕಾರಿ ಅಂದುಕೊಳ್ಳಬೇಡಿ. ವೇದವನ್ನ ಹೆಣ್ಣಿಗೆ ಅವರೂ ಕಲಿಸಲಿಲ್ಲ. ಪುರಾಣ, ಕಾವ್ಯ, ವ್ಯಾಕರಣ, ಅಲ್ಲಿಗೆ ಗೆರೆ. ಆದರೂ ಆ ಕಾಲದ ಕರಾವಳಿಯಲ್ಲಿ ಅಷ್ಟು ಕೇಳಿದ್ದು ಸಾಮಾನ್ಯ ಮಾತಲ್ಲ.

ಆಮೇಲೆ ಊರಿನ ಕಾಟ ಬೇಡ ಅಂತ ಗಂಗಾಮೂಲದ ಕಾಡಿಗೆ ಹೋದರು. ಮೊದಲ ರಾತ್ರಿ ಸೂರು ಇಲ್ಲ. ಕಣಿವೆಯ ಆಚೆ ಹುಲಿ ಗರ್ಜಿಸ್ತಿತ್ತಂತೆ. ಹುಡುಗಿ ಲಕ್ಷ್ಮೀಬಾಯಿ ಹತ್ತಿಯ ರಜಾಯಿ ಸುತ್ತಿಕೊಂಡು ಮಲಗಿದಳು, ಗಂಡ ಬೆಳಗಿನ ತನಕ ಕಾವಲು ಕೂತ. ಅಲ್ಲೇ ಮನೆ, ಅಲ್ಲೇ ಪಾಠಶಾಲೆ. ರಮಾಬಾಯಿ ಹುಟ್ಟಿದ ಆರು ತಿಂಗಳಿಗೆ ಸಾಲ ಹೆಚ್ಚಾಗಿ ಆ ಮನೆಯನ್ನೂ ಬಿಟ್ಟರು. ಕೂಸನ್ನ ಬೆತ್ತದ ಪೆಟ್ಟಿಗೆಯಲ್ಲಿಟ್ಟು, ಆಳಿನ ತಲೆ ಮೇಲೆ ಹೊರಿಸಿ ಘಟ್ಟ ಇಳಿಸಿದರು. ಅಲ್ಲಿಂದ ಊರೂರು ಅಲೆದು ಪುರಾಣ ಹೇಳೋ ಜೀವನ. ಅಮ್ಮನೇ ನಸುಕಿನಲ್ಲಿ ಎಬ್ಬಿಸಿ ಮಗಳಿಗೆ ಸಂಸ್ಕೃತ ಕಲಿಸಿದಳು. ಮಗಳಿಗೆ ಭಾಗವತ ಬಾಯಿಪಾಠ.

1874ರ ಹೊತ್ತಿಗೆ ದಕ್ಷಿಣದಲ್ಲಿ ಬರ. ತಂದೆ ಹೋದರು, ತಾಯಿ ಹೋದರು, ಅಕ್ಕ ಹೋದಳು. ಅಣ್ಣ ಶ್ರೀನಿವಾಸ ಮತ್ತು ಇವಳು ದೇಶ ಪೂರ್ತಿ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿನ ವಿದ್ವಾಂಸರು ಪರೀಕ್ಷೆ ಮಾಡಿ "ಪಂಡಿತಾ", "ಸರಸ್ವತಿ" ಅಂತ ಬಿರುದು ಕೊಟ್ಟರು. ಕೇಶವಚಂದ್ರ ಸೇನ್ ವೇದದ ಪ್ರತಿ ಕೈಗೆ ಕೊಟ್ಟಾಗ, ಹೆಂಗಸರು ಓದಬಾರದಲ್ಲ ಅಂತ ಇವಳೇ ಹಿಂಜರಿದಳು. ಅಪ್ಪ ಹಾಕಿದ ಗೆರೆ ನೋಡಿ! ಆಮೇಲೆ ಓದಿದಳು. ಅಣ್ಣನೂ ತೀರಿಕೊಂಡ. 1880ರಲ್ಲಿ ಜಾತಿ ಮೀರಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಜೊತೆ ಮದುವೆ. 1881ರಲ್ಲಿ ಮಗಳು ಮನೋರಮಾ. 1882ರಲ್ಲಿ ಗಂಡ ಕಾಲರಾಕ್ಕೆ ಬಲಿ. ಇಪ್ಪತ್ತಮೂರು ವರ್ಷದ ವಿಧವೆ. ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಡಾಕ್ಟರು, ಟೀಚರು ಬೇಕು ಅಂತ ಸಾಕ್ಷಿ. 1883ರಲ್ಲಿ ಡಾಕ್ಟರಿಕೆ ಕಲಿಯೋ ಆಸೆಯಿಂದ ಇಂಗ್ಲೆಂಡಿಗೆ. ಕಿವಿ ಮಂದವಾದದ್ದರಿಂದ ಡಾಕ್ಟರಿಕೆ ಆಗಲಿಲ್ಲ. ಆ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸಿಸ್ಟರುಗಳ ಮಠದಲ್ಲಿ ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನ.

ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸ್ತಾರೆ. ಒಂದು ಕಡೆಯವರು "ಮತಾಂತರ ಆದಳು" ಅಂತ ಬೈದು ನಿಲ್ಲಿಸ್ತಾರೆ, ಇನ್ನೊಂದು ಕಡೆಯವರು "ಬೆಳಕು ಕಂಡಳು" ಅಂತ ಹಾಡಿ ನಿಲ್ಲಿಸ್ತಾರೆ. ನನಗೆ ಬೇಕಾದ ಕಥೆ ಶುರುವಾಗೋದೇ ಇಲ್ಲಿಂದ.

ರಮಾಬಾಯಿಗೆ ಧರ್ಮದ ಪಾಠ ಹೇಳ್ತಿದ್ದವರು ಸಿಸ್ಟರ್ ಜೆರಾಲ್ಡೀನ್. ಧರ್ಮಮಾತೆ ಅನ್ನಿ. ರಮಾಬಾಯಿ ಆಕೆಯನ್ನ ಕರೀತಿದ್ದದ್ದು "ಆಜೀಬಾಯಿ" ಅಂತ, ಅಂದರೆ ಅಜ್ಜಿ. ಆ ಪ್ರೀತಿ ನಾಟಕ ಅಲ್ಲ. ಆದರೆ ಅಜ್ಜಿ ಹೇಳಿದ್ದಕ್ಕೆಲ್ಲ ಮೊಮ್ಮಗಳು ತಲೆ ಆಡಿಸಲಿಲ್ಲ. ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಡೊರೋಥಿಯಾ ಬೀಲ್ ಅನ್ನೋ ಪ್ರಿನ್ಸಿಪಾಲರ ಕೈಕೆಳಗೆ ಓದುತ್ತಾ, ಸಂಸ್ಕೃತ ಕಲಿಸುತ್ತಾ ಇದ್ದಾಗ ಈ ಇಬ್ಬರು ಹೆಂಗಸರ ನಡುವೆ ಓಡಾಡಿದ ಪತ್ರಗಳಿವೆಯಲ್ಲ, ಅವನ್ನ ಓದಬೇಕು.

ಜಗಳ ಶುರುವಾದದ್ದು ಊಟದಿಂದ. ಕ್ರೈಸ್ತಳಾದ ಮೇಲೂ ಆಕೆ ಮಾಂಸ, ಮೀನು, ಮೊಟ್ಟೆ ಮುಟ್ಟಲಿಲ್ಲ. ಇದು ಜಾತಿಯ ಜಂಬ ಅಂತ ಸಿಸ್ಟರಿಗೆ ಅನುಮಾನ. ನನ್ನ ಜಂಬವನ್ನ ನನ್ನ ತಟ್ಟೆಯ ಕಡುಬಿನಲ್ಲಿ, ಹಾಲಿನಲ್ಲಿ ಹುಡುಕೋದಾದರೆ ಹುಡುಕಿಕೊಳ್ಳಿ ಅನ್ನೋ ಅರ್ಥದ ಉತ್ತರ ಬಂತು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಲ್ಯಾಟಿನ್ನಿನಲ್ಲಿರೋ ಪಾವಿತ್ರ್ಯ ಸಂಸ್ಕೃತದಲ್ಲಿ ಇಲ್ಲವಾ ಅಂತ ಕೇಳಿದಳು. ನಗು ಬರಬಹುದು, ಆದರೆ ಯೋಚನೆ ಮಾಡಿ. ಆಕೆ ಕ್ರಿಸ್ತನನ್ನ ಒಪ್ಪಿದ್ದಳು. ಇಂಗ್ಲೆಂಡನ್ನ ಒಪ್ಪಿರಲಿಲ್ಲ. ಎರಡೂ ಒಂದೇ ಪೊಟ್ಟಣದಲ್ಲಿ ಬಂದಿದ್ದವು. ಆಕೆ ಪೊಟ್ಟಣ ಬಿಚ್ಚಿ ಬೇರೆ ಬೇರೆ ಮಾಡ್ತಿದ್ದಳು.

ದೊಡ್ಡ ಪ್ರಕರಣ 1884ರದ್ದು. ಭಾರತಕ್ಕೆ ಹೋಗೋ ಇಂಗ್ಲಿಷ್ ಹುಡುಗರಿಗೆ ರಮಾಬಾಯಿ ಭಾರತೀಯ ಭಾಷೆ ಕಲಿಸಲಿ ಅಂತ ಬೀಲ್ ಅವರ ಯೋಚನೆ. ತಡೆ ಬಂದದ್ದು ಎಲ್ಲಿಂದ? ಬಾಂಬೆಯ ಬಿಷಪ್ಪರು, ಲಾಹೋರಿನ ಬಿಷಪ್ಪರು. ಹೆಂಗಸು ಗಂಡಸರಿಗೆ ಪಾಠ ಹೇಳಿದರೆ ಭಾರತದಲ್ಲಿ ಆಕೆಯ ಹೆಸರು ಕೆಡುತ್ತೆ, ಮುಂದಿನ ಸೇವೆಗೆ ಅಡ್ಡಿಯಾಗುತ್ತೆ, ಇದು ಅವರ ಸಲಹೆ. ನೋಡಿ, ಕೆಟ್ಟ ಉದ್ದೇಶ ಏನೂ ಇಲ್ಲ. ಆಕೆಯ ಒಳ್ಳೇದಕ್ಕೇ ಹೇಳಿದ್ದು. ನಮ್ಮ ಮನೆಗೆ ಬಂದಿದ್ದ ಗುರುಗಳೂ ಒಳ್ಳೇದಕ್ಕೇ ಹೇಳಿದ್ದು.

ರಮಾಬಾಯಿ ಬೀಲ್ ಅವರಿಗೆ ಬರೆದ ಉತ್ತರದ ಸಾರ ಹೀಗಿದೆ: ನನ್ನ ತಂದೆ ಹಿಂದೂ, ನನ್ನ ಗಂಡ ಹಿಂದೂ. ನನ್ನ ತಾಯಿ ಗಂಡುಹುಡುಗರಿಗೆ ಪಾಠ ಹೇಳಿದಾಗ, ನಾನು ಹೇಳಿದಾಗ ಅವರು ಬೇಡ ಅನ್ನಲಿಲ್ಲ. ಇಲ್ಲಿನವರು ಬೇಡ ಅಂತಿದ್ದಾರಲ್ಲ, ಆಶ್ಚರ್ಯ!

ಗಂಗಾಮೂಲದ ಅಡವಿಯಲ್ಲಿ ಇದ್ದ ಸ್ವಾತಂತ್ರ್ಯ ಇಂಗ್ಲೆಂಡಿನ ಕಾಲೇಜಿನಲ್ಲಿ ಇರಲಿಲ್ಲ ಅಂತಾಯ್ತು. ಬಿಷಪ್ಪರ ಸಲಹೆಯಲ್ಲಿ ದೇವರ ಮಾತು ಎಷ್ಟು, ಊರಿನವರು ಏನಂತಾರೋ ಅನ್ನೋ ಭಯ ಎಷ್ಟು? ಆಕೆ ಕೇಳಿದ್ದು ಅದನ್ನೇ. ಚಾಮರಾಜಪೇಟೆಯ ಅಮ್ಮ ಕೇಳಬೇಕಾಗಿದ್ದದ್ದೂ ಅದನ್ನೇ ಅಂತ ಆ ರಾತ್ರಿ ನನಗೆ ಹೊಳೀತು. "ಮೊದಲು ಮದುವೆ" ಅನ್ನೋದು ಬೈಬಲ್ಲಿನ ಮಾತೋ, ಬೆಂಗಳೂರಿನ ಮಾತೋ?

1885ರ ಪತ್ರಗಳು ಇನ್ನೂ ಖಾರ. ತ್ರೈಕತ್ವದ ಸಿದ್ಧಾಂತ ನನಗೆ ಅರ್ಥವಾಗಿಲ್ಲ, ಒಪ್ಪದವರೆಲ್ಲ ನಾಶವಾಗ್ತಾರೆ ಅನ್ನೋ ಮಾತನ್ನ ನನ್ನ ಬಾಯಿಂದ ಹೇಳಿಸಬೇಡಿ ಅಂದಳು. ಸಿಸ್ಟರ್ ನೊಂದುಕೊಂಡರು. ನಿನಗೆ ವಿನಯ ಇಲ್ಲ, ನೀನು ಇನ್ನೂ ಎಳೆಯಳು, ಸಭೆಯ ಹಿರಿಯರಿಗೆ ತಗ್ಗು ಅನ್ನೋ ಧಾಟಿ. ಆಕೆಯ ಉತ್ತರದಲ್ಲಿ ಒಂದು ಮಾತಿದೆ, ಅದನ್ನ ನನ್ನ ಮಾತಿನಲ್ಲಿ ಹೇಳ್ತೀನಿ: ತುಂಬ ಕಷ್ಟಪಟ್ಟು ನಮ್ಮ ನಾಡಿನ ಪುರೋಹಿತರ ನೊಗದಿಂದ ಕತ್ತು ಬಿಡಿಸಿಕೊಂಡು ಬಂದಿದ್ದೀನಿ, ಅಂಥದ್ದೇ ಇನ್ನೊಂದು ನೊಗಕ್ಕೆ ಕತ್ತು ಕೊಡೋಕೆ ನಾನು ತಯಾರಿಲ್ಲ. ನನಗೂ ಒಂದು ಮನಸ್ಸಾಕ್ಷಿ ಇದೆ, ವಿವೇಕ ಇದೆ.

ಹಾಗಂತ ಆಕೆ ಬಿಟ್ಟು ಹೋದಳಾ? ಇಲ್ಲ. ಬ್ರಾಹ್ಮಣರ ಸಂಪ್ರದಾಯಕ್ಕೂ ವಾಪಸ್ ಹೋಗಲಿಲ್ಲ, ಕ್ರಿಸ್ತನನ್ನೂ ಬಿಡಲಿಲ್ಲ. ಪ್ರಶ್ನೆ ಕೇಳೋರು ಹೊರಗೆ ಹೋಗೋಕೆ ಕಾರಣ ಹುಡುಕ್ತಿದ್ದಾರೆ ಅಂತ ಎಲ್ಲ ಧರ್ಮದ ಗುರುಗಳಿಗೂ ಒಂದು ಭ್ರಮೆ ಇದೆ. ಟೀವಿ ಚಾನೆಲ್ಲಿನ ಮಾಲೀಕರಿಗೂ ಇದೆ ಅನ್ನಿ, ಆ ಮಾತು ಬೇಡ. ಒಳಗೇ ಇರಬೇಕು ಅನ್ನೋರೇ ಕೂತು, ಬರೆದು, ಕಾರಣ ಕೇಳ್ತಾರೆ. ಬಿಡೋರು ಸುಮ್ಮನೆ ಬಿಡ್ತಾರೆ.

ಬೈಬಲ್ಲನ್ನೂ ತೆಗೆದು ನೋಡಿದೆ. ನನ್ನಂಥವನು ಅರ್ಥ ಹೇಳೋದು ಸರಿಯಲ್ಲ, ಏನಿದೆ ಅಂತ ಮಾತ್ರ ಹೇಳ್ತೀನಿ. ಅಪೊಸ್ತಲರ ಕೃತ್ಯಗಳು ಅನ್ನೋ ಭಾಗದ 17ನೇ ಅಧ್ಯಾಯದಲ್ಲಿ ಬೆರೋಯ ಅನ್ನೋ ಊರು ಬರುತ್ತೆ. ಅಲ್ಲಿನವರು ಸಾಕ್ಷಾತ್ ಪೌಲನ ಬೋಧನೆ ಕೇಳಿ, ಇವನು ಹೇಳಿದ್ದು ಸರಿಯಾ ಅಂತ ದಿನಾ ಗ್ರಂಥ ತೆಗೆದು ತಾಳೆ ನೋಡಿದರು. ಅದಕ್ಕಾಗಿ ಅವರನ್ನ ಬೈದಿಲ್ಲ, ಹೊಗಳಿದೆ! ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಇನ್ನೂ ಸ್ವಾರಸ್ಯ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದವರ ಜೊತೆ ಊಟ ಮಾಡ್ತಿದ್ದ. ತಮ್ಮವರು ಬಂದ ಕೂಡಲೇ ಎದ್ದು ದೂರ ಕೂತ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಂಕ್ತಿಭೇದ. ಪೌಲ ಅವನನ್ನ ಎಲ್ಲರ ಮುಂದೆ ಮುಖಕ್ಕೆ ಮುಖ ಕೊಟ್ಟು ಕೇಳಿದ. ಪೇತ್ರ ಅಂದರೆ ಯಾರು? ಪಾಸ್ಟರುಗಳ ಪಾಸ್ಟರು. ಪೋಪ್ ಪೀಠಕ್ಕೆ ಮೂಲಪುರುಷ.

ಇಡೀ ಬೈಬಲ್ ಕನ್ನಡಕ್ಕೆ ಬಂದು ಹತ್ತಿರ ಹತ್ತಿರ 200 ವರ್ಷ ಆಗ್ತಾ ಬಂತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಶ್ರಮ ಅದು, ಪೂರ್ತಿಯಾದದ್ದು 1831ರಲ್ಲಿ. ಗ್ರಂಥ ಮನೆಭಾಷೆಗೆ ಬಂತು ಅಂದರೆ ಏನರ್ಥ? ಅಯ್ಯನವರು ಹೇಳಿದ್ದನ್ನ ಅಡುಗೆಮನೆಯಲ್ಲಿ ಕೂತು ತಾಳೆ ನೋಡಬಹುದು ಅಂತ. ಅವೆನ್ಯೂ ರಸ್ತೆಯ ಗದ್ದಲದಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆಯಲ್ಲ, ಅದರ ಮುಂದೆ ಹಳೇ ಪುಸ್ತಕ ಹುಡುಕಿಕೊಂಡು ಎಷ್ಟು ಸಲ ಓಡಾಡಿದ್ದೀನೋ. ಆ ರೈಸ್ ಅವರೂ ಇದೇ ಪೇಟೆಯಲ್ಲಿ ಕನ್ನಡದಲ್ಲೇ ಬೋಧನೆ ಮಾಡಿದವರು, ಶಾಸನ ತಜ್ಞ ಬಿ.ಎಲ್. ರೈಸ್ ಅವರ ತಂದೆ. ಜನಕ್ಕೆ ಓದೋಕೆ ಕಲಿಸಿದವರು ಇವರೇ. ಓದೋಕೆ ಕಲಿಸಿದ ಮೇಲೆ ಕೇಳಬೇಡ ಅಂದರೆ ಆಗುತ್ತಾ?

ಕೇಳೋ ಜಾಗವೂ ಇದೆ. ನಮ್ಮ ಸಿಎಸ್‌ಐ ಚರ್ಚುಗಳಲ್ಲಿ ಸಭೆಯವರೇ ಆರಿಸಿದ ಪಾಸ್ಟರೇಟ್ ಕಮಿಟಿ ಇರುತ್ತೆ. ಲೆಕ್ಕಪತ್ರ, ಕಟ್ಟಡ, ಸುಣ್ಣಬಣ್ಣ ಎಲ್ಲದರ ಬಗ್ಗೆ ಅಲ್ಲಿ ಪ್ರಶ್ನೆ ಏಳುತ್ತೆ, ಕೆಲವೊಮ್ಮೆ ನಮ್ಮ ವಿಧಾನಸಭೆ ನಾಚಬೇಕು. ದುಡ್ಡಿನ ಬಗ್ಗೆ ಕೇಳೋಕೆ ಹೆದರದವರು, ಬುದ್ಧಿಮಾತಿನ ಬಗ್ಗೆ ಮಾತ್ರ ತಲೆ ತಗ್ಗಿಸ್ತಾರೆ. ಯಾಕಂದ್ರೆ ಲೆಕ್ಕಪತ್ರ ಮನುಷ್ಯರದ್ದು, ಬುದ್ಧಿಮಾತು ದೇವರದ್ದು ಅನ್ನೋ ಭಾವನೆ. ಮಠಗಳಲ್ಲಿ ನಾವು ಲೆಕ್ಕವನ್ನೂ ಕೇಳಲ್ಲ, ಅದು ಬೇರೆ ಮಾತು.

ರಮಾಬಾಯಿ 1886ರಲ್ಲಿ ಅಮೆರಿಕಕ್ಕೆ ಹೋದಳು, ಪುಸ್ತಕ ಬರೆದು ಹಣ ಕೂಡಿಸಿದಳು, 1889ರ ಮಾರ್ಚ್ 11ರಂದು ಬಾಂಬೆಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು. ಮರುವರ್ಷ ಅದು ಪುಣೆಗೆ ಹೋಯ್ತು. ಅಲ್ಲಿ ಪ್ರಶ್ನೆ ಆಕೆಯ ಕಡೆಗೇ ತಿರುಗಿತು. ಆಕೆ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದಿರುತ್ತೆ, ಹುಡುಗಿಯರು ಒಳಗೆ ಬಂದು ಕೂರ್ತಾರೆ, ಇದು ಮತಾಂತರ ಅಲ್ಲವಾ ಅಂತ ತಿಲಕರ ಕೇಸರಿ ಪತ್ರಿಕೆ ಕೇಳಿತು. ಬಾಗಿಲು ಮುಚ್ಚಲ್ಲ ಅಂದಳು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥವರು ಸಲಹಾ ಮಂಡಳಿಗೆ ರಾಜೀನಾಮೆ ಕೊಟ್ಟರು. ಅವರ ಪ್ರಶ್ನೆಯಲ್ಲೂ ಹುರುಳಿತ್ತು ಅಂತ ನನ್ನ ಅಭಿಪ್ರಾಯ. ತನ್ನ ಮಾತಿಗೆ ದಿಕ್ಕಿಲ್ಲದ ಹುಡುಗಿಯರ ಮೇಲೆ ಎಷ್ಟು ತೂಕ ಇರುತ್ತೆ ಅನ್ನೋದು ಗುರುವಿನ ಜಾಗದಲ್ಲಿ ಕೂತವರಿಗೆ ಅಷ್ಟು ಸುಲಭಕ್ಕೆ ಕಾಣಲ್ಲ. ಬಿಷಪ್ಪರಿಗೂ ಕಂಡಿರಲಿಲ್ಲ, ಆಕೆಗೂ ಪೂರ್ತಿ ಕಂಡಿರಲಿಕ್ಕಿಲ್ಲ. ಆದರೂ 1896-97ರ ಬರಗಾಲದಲ್ಲಿ ಬೀದಿಪಾಲಾಗಿದ್ದ ನೂರಾರು ಹುಡುಗಿಯರನ್ನ ಕರೆತಂದು ಕೇಡಗಾಂವಿನ ಮುಕ್ತಿಯಲ್ಲಿ ಅನ್ನ ಹಾಕಿ, ಅಕ್ಷರ, ಕಸುಬು ಕಲಿಸಿದವಳೂ ಅವಳೇ. ಕೊನೆಗಾಲದಲ್ಲಿ ನಮ್ಮ ಗುಲ್ಬರ್ಗದಲ್ಲೂ ಮಗಳು ಮನೋರಮಾ ಜೊತೆ ಸೇರಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಳು.

ಇನ್ನೊಂದು ಕೆಲಸ ಮಾಡಿದಳು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನ ಸಾಮಾನ್ಯ ಹೆಂಗಸರಿಗೆ ಅರ್ಥವಾಗೋ ಮರಾಠಿಗೆ ತಾನೇ ಅನುವಾದ ಮಾಡಿದಳು. ಮೊಳೆ ಜೋಡಿಸಿ ಅಚ್ಚು ಹಾಕಿದ್ದು ಮುಕ್ತಿಯ ಹೆಣ್ಣುಮಕ್ಕಳೇ. ಉಡುಪಿಯಲ್ಲಿ ಗ್ರಂಥದ ಮಾತನ್ನ ಗ್ರಂಥದಿಂದಲೇ ತೋರಿಸಿದ ಅಪ್ಪನ ಮಗಳಲ್ಲವೇ! ಆ ಕೆಲಸ ಮುಗಿಸೋ ಹೊತ್ತಿಗೆ ಆಯಸ್ಸೂ ಮುಗಿದಿತ್ತು. 1922ರ ಏಪ್ರಿಲ್ 5ರಂದು ತೀರಿಕೊಂಡಳು.

ಒಂದು ವಾರ ಬಿಟ್ಟು ಆ ಅಮ್ಮ ಸಿಕ್ಕರು. ಇಷ್ಟನ್ನೂ ಹೇಳಿದೆ, ಕಾಫಿ ಆರಿಹೋಗೋ ತನಕ.

"ಹಾಗಾದರೆ ಕೇಳಬಹುದು ಅಂತೀರಾ?"

"ನಾನು ಹೇಳೋದಲ್ಲ ಅಮ್ಮ. ಅಯ್ಯನವರು ನಿಮ್ಮ ಹಿತ ಬಯಸೋರೇ ಇರಬೇಕು. ಹೊರಗಿನವನಾದ ನನ್ನ ಹತ್ತಿರ ಕೇಳಿದ ಪ್ರಶ್ನೆಯನ್ನ ಅವರ ಹತ್ತಿರವೇ ಕೇಳಿ ನೋಡಿ. ಅವರು ಓದಿದ ವಚನದ ಹಿಂದಿನದ್ದು, ಮುಂದಿನದ್ದು ಓದಿಕೊಂಡು ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ. ಬದುಕು ಅವಳದ್ದು, ಅವಳಿಲ್ಲದೆ ಮಾತು ಬೇಡ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಿಟ್ಟು ಮಾಡಿಕೊಂಡರೆ?" ಅಂದರು.

ಜೆರಾಲ್ಡೀನ್ ಕೂಡ ಸಿಟ್ಟು ಮಾಡಿಕೊಂಡಿದ್ದರು ಅಂದೆ. ಆದರೆ ತಮ್ಮನ್ನ ಅಷ್ಟು ನೋಯಿಸಿದ ಆ ಪತ್ರಗಳನ್ನ ಹರಿದು ಹಾಕಲಿಲ್ಲ. ಒಂದೊಂದನ್ನೂ ಜೋಪಾನವಾಗಿ ಕೂಡಿಸಿಟ್ಟವರು ಆ ಆಜೀಬಾಯಿಯೇ. 1977ರಲ್ಲಿ ಎ.ಬಿ. ಶಾ ಅವರ ಸಂಪಾದಕತ್ವದಲ್ಲಿ ಅವು ಪುಸ್ತಕವಾಗಿ ಬಂದವು. ನನ್ನ ಹತ್ತಿರ ಇರೋದು ಅದೇ.

"ಓದೋಕೆ ಕೊಡ್ತೀರಾ ಸಾರ್? ನನಗಲ್ಲ, ಮಗಳಿಗೆ."

ಪುಸ್ತಕ ಈಗ ಚಾಮರಾಜಪೇಟೆಯಲ್ಲಿದೆ. ವಾಪಸ್ ಬಂದಿಲ್ಲ.